ರಾಣಿಬಾಗಿನ ಕಲ್ಲಾನೆಯೂ ಫ್ಲೋರಾ ಕಾರಂಜಿಯೂ

ಉದ್ಯಾನಗಳಲ್ಲಿ ಕಲ್ಲಿನ ಕುಂಭಗಳನ್ನೂ ಹೂಕುಂಡಗಳನ್ನೂ ಕಾರಂಜಿ, ವಿಗ್ರಹಗಳನ್ನೂ ಇರಿಸಿ ಶೋಭೆ ತರುವ ಪದ್ಧತಿ ಬಹು ಹಳೆಯದು. ಆದರೆ ಈ ಅಲಂಕಾರವಸ್ತುಗಳ ಪೂರ್ವವೃತ್ತಾಂತವನ್ನು ವಿಚಾರಿಸುವವರು ವಿರಳ. ಅವುಗಳಲ್ಲಿ ಕೆಲವು ಉದ್ಯಾನಕ್ಕೆಂದೇ ಕಡೆದವು. ಕೆಲವು ಬೇರೊಂದು ಕಾರ್ಯಕ್ಕಾಗಿ ಹುಟ್ಟಿ, ಸ್ಥಾನಭ್ರಷ್ಟವಾಗಿ ಉದ್ಯಾನವನ್ನು ಸೇರಿದವು. ಎರಡು ಬಗೆಗೂ ಮುಂಬಯಿಯಲ್ಲಿ ಒಂದೊಂದು ಸ್ಪಷ್ಟ ನಿದರ್ಶನವಿದೆ. ಬೈಕಲಾದ ರಾಣಿಬಾಗಿಗೆಂದು ಸಂಕಲ್ಪಿಸಿದ ಫ್ಲೋರಾ ಕಾರಂಜಿ ಆ ಬಾಗನ್ನು ಸೇರಲೇ ಇಲ್ಲ. ಘಾರಾಪುರಿ ದ್ವೀಪದ ದಂಡೆಯಲ್ಲಿದ್ದ ಕಲ್ಲಾನೆ ಆ ಬಾಗಿಗೆ ಬಂದು ನಿಂತಿದೆ. ಎರಡರ ವೃತ್ತಾಂತದಲ್ಲಿಯೂ 1864ನೆಯ ಇಸವಿ ಬರುವುದು ಕುತೂಹಲಕರ.

ವಸ್ತುವೊಂದು ತನ್ನ ಮೂಲ ಉದ್ದೇಶವನ್ನು ಕಳೆದುಕೊಂಡು ಅಲಂಕಾರವಾಗುವುದು ಯುರೋಪಿನಲ್ಲಿ ಹೊಸದೇನಲ್ಲ. ರೋಮನರು ಮೃತರ ಬೂದಿಯನ್ನಿಡಲು ಬಳಸುತ್ತಿದ್ದ ಅಮೃತಶಿಲೆಯ ಕುಂಭಗಳು ಹದಿನೆಂಟನೆಯ ಶತಮಾನದಲ್ಲಿ ಆಂಗ್ಲ ಶ್ರೀಮಂತರ ಸಂಗ್ರಹಗಳನ್ನು ಸೇರಿದವು. ಅವುಗಳ ಆಕಾರವನ್ನು ಅನುಕರಿಸಿದ ಕುಂಭಗಳು ಹುಲ್ಲುಹಾಸುಗಳ ಅಂಚಿಗೆ ಬಂದವು. ಟಿವೊಲಿಯಲ್ಲಿ ಹೇಡ್ರಿಯನ್ ಚಕ್ರವರ್ತಿಯ ಅರಮನೆಯ ಅವಶೇಷಗಳ ನಡುವೆ 1771ರಲ್ಲಿ ಚೂರುಚೂರಾಗಿ ದೊರೆತ ಬೃಹತ್ ಕುಂಭವೊಂದನ್ನು ಜೋಡಿಸಿ, ಇಂಗ್ಲೆಂಡಿಗೆ ಸಾಗಿಸಿ, ವಾರ್ವಿಕ್ ಕೋಟೆಯ ಸಸ್ಯಗೃಹದಲ್ಲಿ ನಿಲ್ಲಿಸಲಾಯಿತು. ಈಗ ಅದು ಗ್ಲಾಸ್ಗೋ ನಗರದ ಬರೆಲ್ ಸಂಗ್ರಹದಲ್ಲಿದೆ. ಅದರ ಹೆಸರಿನಲ್ಲಿ ಟಿವೊಲಿಯಿಲ್ಲ. ಅದು ‘ವಾರ್ವಿಕ್ ಕುಂಭ’ವೆಂದೇ ಪ್ರಸಿದ್ಧ. ಕೊಂಡವನ ಹೆಸರು ಹುಟ್ಟಿದ ಊರಿನ ಹೆಸರನ್ನು ನುಂಗಿತು.

ಈ ಅಭಿರುಚಿಯೇ ಮುಂಬಯಿಗೂ ಬಂದಿತು. ಪಶ್ಚಿಮ ಭಾರತದ ಕೃಷಿ-ತೋಟಗಾರಿಕಾ ಸಂಘವು ಬೈಕಲಾದಲ್ಲಿ ನಿರ್ಮಿಸಿದ ವಿಕ್ಟೋರಿಯಾ ಉದ್ಯಾನವು 1862ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದೇ ಜನರ ಬಾಯಲ್ಲಿ ರಾಣಿಬಾಗ್. ಅಮೆರಿಕದ ಅಂತರ್ಯುದ್ಧದಿಂದ (1861–65) ಅಲ್ಲಿನ ಹತ್ತಿ ಇಂಗ್ಲೆಂಡನ್ನು ಮುಟ್ಟದಂತಾಗಿ, ಮುಂಬಯಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿದ್ದ ಕಾಲವದು. ವ್ಯಾಪಾರಿಗಳ ಕೈಯಲ್ಲಿ ಹಣ ಹರಿದಾಡುತ್ತಿತ್ತು. ಗವರ್ನರ್ ಫ್ರಿಯರ್ ಕೋಟೆಯ ಗೋಡೆಗಳನ್ನು ಕೆಡವಿಸಿ ನಗರವನ್ನು ವಿಸ್ತರಿಸುತ್ತಿದ್ದನು. ಯುದ್ಧ ಮುಗಿದೊಡನೆ ಹತ್ತಿಯ ಬೆಲೆ ಕುಸಿದು ಅನೇಕ ವ್ಯಾಪಾರಸಂಸ್ಥೆಗಳು ಮುಳುಗಿದವು. ಆ ಸಂಪತ್ತು ನಿಲ್ಲಲಿಲ್ಲ. ಅದು ನಿಲ್ಲಿಸಿದ ಕಲ್ಲುಗಳು ನಿಂತವು.

ಫ್ಲೋರಾ ಕಾರಂಜಿ ಅಂತಹುದೊಂದು ಕಲ್ಲು. ಉದ್ಯಾನದ ಶೋಭೆಗೆಂದು ಅದೇ ಸಂಘ ಇದನ್ನು ಮಾಡಿಸಿತು. ವಿನ್ಯಾಸ ರಿಚರ್ಡ್ ನಾರ್ಮನ್ ಶಾ ಅವರದು, ಶಿಲ್ಪಕಾರ್ಯ ಜೇಮ್ಸ್ ಫೋರ್ಸಿತ್ ಅವರದು, ಕಲ್ಲು ಇಂಗ್ಲೆಂಡಿನ ಪೋರ್ಟ್‌ಲೆಂಡಿನದು. ತಗಲಿದ ವೆಚ್ಚ 47,000 ರೂಪಾಯಿ. ಅದರಲ್ಲಿ 20,000 ರೂಪಾಯಿ ಪಾರಸಿ ಗೃಹಸ್ಥರಾದ ಕರ್ಸೆಟ್‌ಜಿ ಫರ್ದೂನ್‌ಜಿ ಪಾರೇಖರ ದಾನ. ಮೇಲೆ ನಿಂತವಳು ರೋಮನರ ಪುಷ್ಪದೇವತೆಯಾದ ಫ್ಲೋರಾ. ಹೂದೋಟಕ್ಕೆ ಇದಕ್ಕಿಂತ ತಕ್ಕ ದೇವತೆಯಿಲ್ಲ. ಆದರೆ 1864ರಲ್ಲಿ ಕಾರಂಜಿ ಎದ್ದುದು ಕೋಟೆಯ ಚರ್ಚ್‌ಗೇಟ್ ಬಾಗಿಲಿದ್ದ ಸ್ಥಳದಲ್ಲಿ, ನಾಲ್ಕಾರು ಬೀದಿಗಳು ಕೂಡುವ ಕಡೆ. ಪುಷ್ಪದೇವತೆ ಹೂವಿಲ್ಲದ ಹಾದಿಗೆ ಅಧಿದೇವತೆಯಾದಳು.

ಅದೇ 1864ರಲ್ಲಿ ಸಮುದ್ರದ ಆಚೆ ಇನ್ನೊಂದು ಕೆಲಸ ನಡೆಯಿತು. ಘಾರಾಪುರಿಯ ದಂಡೆಯಲ್ಲಿ, ದೋಣಿಗಳು ತಲುಪುವ ಎಡೆಯಲ್ಲಿ, ಕರಿಯ ಬಂಡೆಯಲ್ಲಿ ಕಡೆದ ಆನೆಯೊಂದಿತ್ತು. 1534ರಲ್ಲಿ ಆ ದ್ವೀಪವನ್ನು ಪಡೆದ ಪೋರ್ಚುಗೀಸರು ಈ ಆನೆಯನ್ನು ಕಂಡೇ ಅದಕ್ಕೆ ಎಲಿಫೆಂಟಾ ಎಂಬ ಹೆಸರನ್ನಿಟ್ಟರು. ಗುಹೆಗಳೊಳಗಿನ ಮಹೇಶಮೂರ್ತಿಗಿಂತ ಮೊದಲು ಕಡಲ ಪಯಣಿಗನನ್ನು ಎದುರುಗೊಳ್ಳುತ್ತಿದ್ದುದು ಅದು. 1814ರಲ್ಲಿ ಅದರ ತಲೆಯೂ ಕತ್ತೂ ಕಳಚಿಬಿದ್ದವು. ಮುಂದೆ ಒಡಲೂ ಕುಸಿಯಿತು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹವಣಿಸಿದಾಗ ಎತ್ತುವ ಯಂತ್ರವೇ ಮುರಿದು ಪ್ರಯತ್ನ ವಿಫಲವಾಯಿತು. ತುಂಡುಗಳು ರಾಣಿಬಾಗನ್ನು ಸೇರಿದವು. 1914ರಲ್ಲಿ ಕ್ಯಾಡೆಲ್ ಮತ್ತು ಹ್ಯೂಯೆಟ್ ಎಂಬುವರು ಅವನ್ನು ಜೋಡಿಸಿ ನಿಲ್ಲಿಸಿದರು. ಇಂದು ಅದು ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ ನಿಂತಿದೆ. ದ್ವೀಪದಲ್ಲಿ ಹೆಸರು ಉಳಿದಿದೆ, ಹೆಸರಿಗೆ ಕಾರಣವಾದ ಆನೆಯಿಲ್ಲ.

ಕನ್ನಡಿಗರಿಗೆ ಈ ದ್ವೀಪದ ವಿಚಾರದಲ್ಲಿ ವಿಶೇಷ ಆಸಕ್ತಿಗೆ ಕಾರಣವುಂಟು. ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಸೋಲಿಸಿ, ಪಶ್ಚಿಮ ಸಮುದ್ರದ ಸಿರಿಯಂತಿದ್ದ ಪುರಿಯನ್ನು ನೌಕಾಬಲದಿಂದ ಮುತ್ತಿದನೆಂದು ರವಿಕೀರ್ತಿ ರಚಿಸಿದ ಐಹೊಳೆಯ ಶಾಸನ (ಕ್ರಿ.ಶ. 634) ತಿಳಿಸುತ್ತದೆ. ಈ ಪುರಿಯೇ ಘಾರಾಪುರಿಯೆಂದು ಕೆಲವು ವಿದ್ವಾಂಸರೂ, ಜಂಜೀರಾದ ಬಳಿಯ ರಾಜಪುರಿಯೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಆ ನೌಕೆಗಳನ್ನು ಕವಿ ಮದಗಜಗಳಿಗೆ ಹೋಲಿಸಿರುವುದು ಸ್ಮರಣೀಯ. ಇಂತಹ ಚರ್ಚೆಯಲ್ಲಿ ದಂಡೆಯ ಒಂದೊಂದು ಅವಶೇಷವೂ ಸಾಕ್ಷಿ. ಬಂದರು ಎಲ್ಲಿತ್ತು, ಆನೆ ಯಾವ ದಿಕ್ಕಿಗೆ ಮುಖಮಾಡಿತ್ತು, ಸುತ್ತ ಯಾವ ಕಟ್ಟಡಗಳಿದ್ದವು ಎಂಬ ಪ್ರಶ್ನೆಗಳಿಗೆ ದ್ವೀಪದಲ್ಲಿಯೇ ಇದ್ದ ಆನೆ ಕೊಡಬಹುದಾಗಿದ್ದ ಉತ್ತರವನ್ನು ಉದ್ಯಾನದ ಆನೆ ಕೊಡಲಾರದು.

ಸಾಮ್ರಾಜ್ಯ ತಾನೇ ನಿಲ್ಲಿಸಿದ ವಿಗ್ರಹಗಳಿಗೂ ಕಡೆಗೆ ಇದೇ ಗತಿ ಬಂದಿತು. 1965ರಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ವಿಗ್ರಹವನ್ನೂ ‘ಕಾಳಾ ಘೋಡಾ’ ಎಂದು ಖ್ಯಾತವಾಗಿದ್ದ ಏಳನೆಯ ಎಡ್ವರ್ಡನ ಅಶ್ವಾರೂಢ ಪ್ರತಿಮೆಯನ್ನೂ ಬೀದಿಯಿಂದ ತೆಗೆದು ರಾಣಿಬಾಗಿಗೆ ಸಾಗಿಸಲಾಯಿತು. ಒಡೆಯರಾಗಿದ್ದವರು ಉದ್ಯಾನದ ಅಲಂಕಾರವಾದರು. ಕುದುರೆ ಹೋದರೂ ಬಡಾವಣೆಯ ಹೆಸರು ಹೋಗಲಿಲ್ಲ. 2017ರಲ್ಲಿ ಸವಾರನಿಲ್ಲದ ಕುದುರೆಯೊಂದನ್ನು ಅಲ್ಲಿ ನಿಲ್ಲಿಸಲಾಯಿತು.

ಫ್ಲೋರಾ ಕಾರಂಜಿಯ ಗತಿ ಇದಕ್ಕೆ ವಿಲೋಮ. ಕೇವಲ ಶೋಭೆಗಾಗಿ ಹುಟ್ಟಿದ ಅದು ಬೀದಿಯಲ್ಲಿ ನಿಂತ ಕಾರಣದಿಂದಲೇ ಇತಿಹಾಸಕ್ಕೆ ಸಾಕ್ಷಿಯಾಯಿತು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ, 1955ರ ನವೆಂಬರ್ 21ರಂದು, ಅದರ ಪರಿಸರದಲ್ಲಿ ಗುಂಡಿನೇಟಿಗೆ ಜನ ಬಲಿಯಾದರು. ಆ ಚೌಕ ಹುತಾತ್ಮ ಚೌಕವಾಯಿತು. ಕಾರಂಜಿಯ ಪಕ್ಕದಲ್ಲಿ ಸ್ಮಾರಕ ಎದ್ದಿತು. 2019ರಲ್ಲಿ ಜೀರ್ಣೋದ್ಧಾರ ಮುಗಿದು ಕಾರಂಜಿ ಮತ್ತೆ ಚಿಮ್ಮಿದಾಗ, ಅದು ತೋಟಕ್ಕೆಂದು ಮಾಡಿಸಿದ ವಸ್ತುವೆಂಬುದು ಬಹುಮಂದಿಗೆ ಮರೆತೇಹೋಗಿತ್ತು. ಒಂದು ವಸ್ತು ಸ್ಥಾನವನ್ನು ಪಡೆದು ಅರ್ಥವನ್ನು ಗಳಿಸಿತು. ಇನ್ನೊಂದು ಸ್ಥಾನವನ್ನು ಕಳೆದು ಅರ್ಥವನ್ನು ನೀಗಿತು.

ಈ ವಿವೇಚನೆ ಮುಂಬಯಿಗಷ್ಟೇ ಸಲ್ಲುವುದಲ್ಲ. ಕನ್ನಡನಾಡಿನ ಊರಬಾಗಿಲುಗಳಿಂದ, ಕೆರೆಯ ಏರಿಗಳಿಂದ ಎಷ್ಟೋ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಕಿತ್ತುಬಂದು ಬಂಗಲೆಗಳ ಅಂಗಳಗಳಲ್ಲಿ ಹೂಕುಂಡಗಳ ನಡುವೆ ನಿಂತಿವೆ. ನೂರು ವರ್ಷ ಮೀರಿದ ಶಿಲ್ಪಗಳನ್ನು 1972ರ ಕಾಯಿದೆ ಪುರಾತನ ವಸ್ತುಗಳೆಂದು ಗಣಿಸುತ್ತದೆ. ಆದರೆ ಕಾಯಿದೆ ಕಲ್ಲನ್ನು ಕಾಯಬಲ್ಲುದೇ ಹೊರತು ಕಲ್ಲು ಮರೆತ ಊರನ್ನು ನೆನಪಿಸಲಾರದು. ಸುಮಾರು ಒಂಬತ್ತನೆಯ ಶತಮಾನದ ಅಂತ್ಯದ್ದೆನ್ನಲಾದ ಬೇಗೂರಿನ ವೀರಗಲ್ಲೊಂದರಲ್ಲಿ ಬೆಂಗಳೂರಿನ ಹೆಸರಿದೆ. ಆ ಕಲ್ಲನ್ನು ಯಾರಾದರೂ ದೂರದ ತೋಟವೊಂದಕ್ಕೆ ಒಯ್ದು, ಎಲ್ಲಿಂದ ತಂದರೆಂಬುದು ಮರೆತುಹೋಗಿದ್ದರೆ, ಅದು ಹೆಸರಿಸುವ ಬೆಂಗಳೂರು ಯಾವುದೆಂಬುದೇ ವಿವಾದವಾಗುತ್ತಿತ್ತು. ಆದ್ದರಿಂದ ತೋಟದಲ್ಲಿ ನಿಂತ ಪ್ರತಿ ಹಳೆಯ ಕಲ್ಲಿನ ವಿಷಯದಲ್ಲಿಯೂ ಮೂರು ಸಂಗತಿಗಳನ್ನು ಬರೆದಿಡುವುದು ಸಂಶೋಧಕರ ಕರ್ತವ್ಯ: ಅದನ್ನು ಯಾರು ಕಡೆದರು, ಎಲ್ಲಿಗೆಂದು ಕಡೆದರು, ಅಲ್ಲಿಂದ ಯಾರು ಎತ್ತಿದರು. ಮೊದಲನೆಯದು ಬಹುಧಾ ತಿಳಿಯದು. ಉಳಿದೆರಡನ್ನು ತಿಳಿದವರು ಇರುವಾಗಲೇ ಬರೆದುಕೊಳ್ಳಬೇಕು.