ಮೂರು ರಾಯರು ಕಲೋನಿಗೆ ಬಂದ ಬಗೆ

ಕ್ರಿಸ್ತಸಾಕ್ಷಾತ್ಕಾರದ ಹಬ್ಬವನ್ನು ನಾವು ಇಂದಿಗೂ ಮೂರು ರಾಯರ ಹಬ್ಬವೆನ್ನುತ್ತೇವೆ. ಗೋದಲಿಯಲ್ಲಿ ಅವರಿಗೆ ಕಿರೀಟವನ್ನೂ ತೊಡಿಸುತ್ತೇವೆ. ಸಂತ ಮತ್ತಾಯರಾದರೋ ಅವರನ್ನು ಅರಸರೆನ್ನಲಿಲ್ಲ, ಮೂವರೆಂದೂ ಎಣಿಸಲಿಲ್ಲ. ಪೂರ್ವದಿಂದ ಬಂದ ಜೋಯಿಸರು ಎಂದರಷ್ಟೇ. ಚಿನ್ನ, ಧೂಪ, ರಕ್ತಬೋಳ ಎಂಬ ಕಾಣಿಕೆಗಳಿಂದ ತಲೆ ಎಣಿಸಿಕೊಂಡವರು ನಾವು!

ಅವರವೆಂದು ನಂಬಲಾದ ಪೂಜ್ಯ ಅವಶೇಷಗಳು ಇಟಲಿಯ ಮಿಲಾನಿನಲ್ಲಿದ್ದವು. 1162ರಲ್ಲಿ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ ಆ ಪಟ್ಟಣವನ್ನು ಹಾಳುಗೆಡವಿದನು. 1164ರಲ್ಲಿ ಆತನ ಮಂತ್ರಿಯೂ ಕಲೋನಿನ ಮಹಾಧರ್ಮಾಧ್ಯಕ್ಷರೂ ಆಗಿದ್ದ ರೈನಾಲ್ಡ್ ಅವುಗಳನ್ನು ಜರ್ಮನಿಗೆ ಒಯ್ದರು. ಕಾಣಿಕೆ ತಂದವರೇ ಕೊಳ್ಳೆಯ ವಸ್ತುವಾದರು. ಇದನ್ನು ಮರೆಮಾಚುವುದು ನಮಗೆ ಸರಿಕಾಣದು.

ಆದರೂ ಯಾತ್ರಿಕರು ತಂಡೋಪತಂಡವಾಗಿ ಬಂದರು. 1248ರಲ್ಲಿ ಆರಂಭವಾದ ಪ್ರಧಾನಾಲಯ ಮುಗಿದದ್ದು 1880ರಲ್ಲಿ. 2005ರಲ್ಲಿ ಅದೇ ಊರಿನಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರ ಮುಂದೆ ವಿಶ್ವದ ಯುವಜನರು ನೆರೆದಾಗ, ಧ್ಯೇಯವಾಕ್ಯವಾಗಿದ್ದುದು ಆ ಅವಶೇಷಗಳಲ್ಲ. ತಾವು ಶಿಶುವನ್ನು ಆರಾಧಿಸಲು ಬಂದೆವೆಂದು ಜೋಯಿಸರು ಜೆರುಸಲೇಮಿನಲ್ಲಿ ಆಡಿದ ಮಾತು.