ಪಂಪ್ ಮಾಡುವ ಹಳೆಯ ಏರ್ ರೈಫಲ್ ಮನೆಯಲ್ಲಿದ್ದರೆ: ಗಡಿಭಾಗದ ಸದಸ್ಯರಿಗೆ ಒಂದಿಷ್ಟು ಮಾಹಿತಿ



ಹಿಂದೂಪುರ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗದ ಕಡೆ ಏರ್‌ಗನ್ ಎಂದರೆ ಮೊದಲು ನೆನಪಾಗುವುದು ಜಾತ್ರೆಯ ಬಲೂನ್ ಅಂಗಡಿ. ನಳಿಗೆಯನ್ನು ಮಡಚಿ, ಒಂದು ಪೆಲೆಟ್ ಇಟ್ಟು, ಮತ್ತೆ ನೆಟ್ಟಗೆ ಮಾಡಿ ಹೊಡೆಯುವ ಗನ್ನು ಅದು. ಅದರೊಳಗೆ ಕೆಲಸ ಮಾಡುವುದು ಸ್ಪ್ರಿಂಗು. ಈ ಲೇಖನ ಅದರ ಅಪರೂಪದ ದಾಯಾದಿಯ ಬಗ್ಗೆ: ನಳಿಗೆಯ ಕೆಳಗಿರುವ ಮರದ ಹಿಡಿಯನ್ನು ಮೂರು, ಐದು, ಎಂಟು ಸಲ ಎಳೆದು ಒತ್ತಿ ಗಾಳಿ ತುಂಬುವ ರೈಫಲ್. ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇದ್ದ ಬಂಧುಗಳು ಒಂದು ಕಾಲದಲ್ಲಿ ತಂದದ್ದು, ತಾತನವರು ಯಾರಿಂದಲೋ ಕೊಂಡದ್ದು ಹೀಗೆ ಅಟ್ಟದ ಮೇಲೆ ಉಳಿದಿರಬಹುದು. ಅಂಥದ್ದು ಸಿಕ್ಕರೆ ಮೊದಲು ಪಂಪ್ ಮಾಡಿ ನೋಡಬೇಡಿ, ನಳಿಗೆಯ ಒಳ ಅಳತೆ ಎಷ್ಟೆಂದು ನೋಡಿ. ಕಾರಣ ಮುಂದೆ ಇದೆ.

ಒಳಗೆ ಏನಿದೆ

ಸೀಮೆಎಣ್ಣೆಯ ಪಂಪ್ ಸ್ಟೌವ್ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿರುವಂತೆಯೇ ಇಲ್ಲೂ ಬಟ್ಟಲಿನಾಕಾರದ ಒಂದು ವಾಷರ್ ಇರುತ್ತದೆ. ಹಳೆಯ ಮಾದರಿಗಳಲ್ಲಿ ಅದು ಚರ್ಮದ್ದು, ಆಮೇಲಿನವುಗಳಲ್ಲಿ ರಬ್ಬರಿನದು. ಒತ್ತಿದ ಗಾಳಿ ಒಂದು ವಾಲ್ವ್ ದಾಟಿ ಸಣ್ಣ ಕೋಣೆಗೆ ಹೋಗಿ ನಿಲ್ಲುತ್ತದೆ, ಹಿಂದಕ್ಕೆ ಬರುವುದಿಲ್ಲ. ಟ್ರಿಗರ್ ಒತ್ತಿದಾಗ ಒಳಗಿನ ಸುತ್ತಿಗೆ ಇನ್ನೊಂದು ವಾಲ್ವನ್ನು ಬಡಿದು ತೆರೆಯುತ್ತದೆ, ಗಾಳಿ ಪೆಲೆಟನ್ನು ತಳ್ಳಿಕೊಂಡು ಹೊರಬರುತ್ತದೆ.

ಸ್ಪ್ರಿಂಗ್ ಗನ್ನಿನ ಬಲ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಪಂಪ್ ರೈಫಲ್ಲಿನ ಬಲ ಹೊಡೆಯುವವನ ಕೈಯಲ್ಲಿದೆ. ಮೂರು ಪಂಪಿಗೆ ಕಾಗದದ ಗುರಿಗೆ ಸಾಕಾಗುವಷ್ಟು, ಎಂಟಕ್ಕೆ ಹಲಗೆಯಲ್ಲಿ ನಾಟುವಷ್ಟು. ಜೊತೆಗೆ ಸ್ಪ್ರಿಂಗಿನ ಅದುರು ಇಲ್ಲದ್ದರಿಂದ ಗುರಿ ಅಲುಗುವುದು ಕಡಿಮೆ. ಸಂಗ್ರಾಹಕರು ಇದಕ್ಕೆ ಮನಸೋಲುವುದು ಈ ಎರಡು ಗುಣಗಳಿಂದ.

ಗಾಳಿಯ ಬಂದೂಕು ಇತ್ತೀಚಿನದಲ್ಲ. 1780ರ ಹೊತ್ತಿಗೇ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬ ಏರ್ ರೈಫಲ್ ಬಳಸುತ್ತಿತ್ತು. ಅದರ ಗಾಳಿಯ ಬುರುಡೆ ತುಂಬಿಸಲು ಸುಮಾರು 1,500 ಸಲ ಪಂಪ್ ಮಾಡಬೇಕಿತ್ತಂತೆ. ನಮ್ಮ ಎಂಟು ಸಲ ಏನೂ ಅಲ್ಲ!

ಮನೆಯಲ್ಲಿಡುವಂಥ ಪಂಪ್ ರೈಫಲ್ಲುಗಳು ಹೆಚ್ಚಾಗಿ ಅಮೆರಿಕದವು. ಸೇಂಟ್ ಲೂಯಿಸ್‌ನ ಬೆಂಜಮಿನ್, ನ್ಯೂಯಾರ್ಕ್ ರಾಜ್ಯದ ಕ್ರಾಸ್‌ಮನ್, ವಿಸ್ಕಾನ್ಸಿನ್‌ನ ರಸೀನ್ ಊರಿನ ಶೆರಿಡನ್ ಹೆಸರಾದವು. ಶೆರಿಡನ್‌ನ ಮೊದಲ ಮಾದರಿ 1947ರಲ್ಲಿ ಬಂತು. ಬೆಲೆ 56 ಡಾಲರ್ 50 ಸೆಂಟ್. ಆ ಕಾಲಕ್ಕೆ ಅದು ನಿಜವಾದ ಬಂದೂಕಿನ ಬೆಲೆ, ಹಾಗಾಗಿ ಹೆಚ್ಚು ಮಾರಾಟವಾಗಲಿಲ್ಲ. ತಯಾರಾದವು ಸುಮಾರು 2,130 ಮಾತ್ರ. ಸಂಗ್ರಾಹಕರು ಅದನ್ನು ‘ಸೂಪರ್‌ಗ್ರೇಡ್’ ಎಂದು ಕರೆದು ಇಂದಿಗೂ ಹುಡುಕುತ್ತಾರೆ. 1949ರಲ್ಲಿ ಬಂದ ಅದರ ಅಗ್ಗದ ತಮ್ಮಂದಿರು ಬ್ಲೂ ಸ್ಟ್ರೀಕ್ ಮತ್ತು ಸಿಲ್ವರ್ ಸ್ಟ್ರೀಕ್ ದಶಕಗಟ್ಟಲೆ ಬಾಳಿದವು. 1966ರ ಕ್ರಾಸ್‌ಮನ್ 760, 1972ರ ಡೈಸಿ 880 ಇನ್ನೂ ಅಗ್ಗದವು, ಪ್ಲಾಸ್ಟಿಕ್ ಹೆಚ್ಚು.

ಕಾಯಿದೆ ಏನು ಹೇಳುತ್ತದೆ

ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬ ಮಾತು ನಮ್ಮಲ್ಲಿ ಎಲ್ಲೆಡೆ ಇದೆ. ಅದು ಅರ್ಧ ಸತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಬಾರದು. ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೌಲ್ ಮೀರಬಾರದು. ಎರಡರಲ್ಲಿ ಯಾವುದೊಂದು ಮೀರಿದರೂ ಪರವಾನಗಿ ಬೇಕು.

ಈಗ ಹಳೆಯ ಪಂಪ್ ರೈಫಲ್ಲುಗಳ ಕಡೆ ನೋಡಿ. ಶೆರಿಡನ್‌ಗಳು 5 ಮಿಲಿಮೀಟರಿನವು. ಬೆಂಜಮಿನ್, ಕ್ರಾಸ್‌ಮನ್‌ಗಳಲ್ಲಿ ಬೆಲೆಬಾಳುವ ಬಹಳಷ್ಟು ಮಾದರಿಗಳು 0.22 ಇಂಚು, ಅಂದರೆ 5.5 ಮಿಲಿಮೀಟರ್. ಅಂದರೆ ಸಂಗ್ರಾಹಕರು ಯಾವುದನ್ನು ಹುಡುಕುತ್ತಾರೋ ಅದಕ್ಕೇ ಸಾಮಾನ್ಯವಾಗಿ ಪರವಾನಗಿ ಬೇಕಾಗುತ್ತದೆ. ಶಕ್ತಿಯ ಲೆಕ್ಕವನ್ನೂ ಮಾಡಬಹುದು. ಬ್ಲೂ ಸ್ಟ್ರೀಕ್ ಎಂಟು ಪಂಪಿಗೆ ಸುಮಾರು 0.93 ಗ್ರಾಂ ತೂಕದ ಪೆಲೆಟನ್ನು ಸೆಕೆಂಡಿಗೆ 205 ಮೀಟರ್ ವೇಗದಲ್ಲಿ ಬಿಡುತ್ತದೆ ಎಂದಿಟ್ಟುಕೊಂಡರೆ ಬರುವ ಉತ್ತರ ಸುಮಾರು 19.5 ಜೌಲ್. ಶಕ್ತಿಯಲ್ಲಿ ಅಂಚಿನಲ್ಲಿ ಪಾಸು, ಅಳತೆಯಲ್ಲಿ ಫೇಲು. ಆದರೆ ಪ್ಲಾಸ್ಟಿಕ್ಕಿನ ಕ್ರಾಸ್‌ಮನ್ 760 ಎರಡರಲ್ಲೂ ಪಾಸು.

ಅಳತೆಯನ್ನು ಸಾಮಾನ್ಯವಾಗಿ ನಳಿಗೆಯ ಮೇಲೆ ಅಥವಾ ಅದರ ಬುಡದಲ್ಲಿ 177, 20, 22 ಎಂದು ಕೊರೆದಿರುತ್ತಾರೆ. ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ನೋಡಬಹುದು.

‘ಇದು ಹಳೆಯದು, ಕೆಟ್ಟು ಕೂತಿದೆ, ಗೋಡೆಗೆ ನೇತುಹಾಕುತ್ತೇನೆ’ ಎನ್ನುವವರಿಗೆ ಒಂದು ಎಚ್ಚರಿಕೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಮು ಪುರಾತನ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಅದು ರಿಪೇರಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿರಬೇಕು. ವಾಷರ್ ಒಣಗಿ ಗಾಳಿ ನಿಲ್ಲದ ರೈಫಲ್ ಹಾಗಲ್ಲ. ಒಂದು ಚರ್ಮದ ತುಂಡು ಹಾಕಿದರೆ ಅದು ಮತ್ತೆ ಎದ್ದು ಕೂರುತ್ತದೆ. ಕೊಡವರಿಗಿರುವ ವಿನಾಯಿತಿಯನ್ನು ಕೆಲವರು ಉದಾಹರಿಸುತ್ತಾರೆ. ಅದು ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸಂಬಂಧಿಸಿದ್ದು, ನಮಗಲ್ಲ.

ಹಾಗಾದರೆ ತಾತನ ಪೆಟ್ಟಿಗೆಯಲ್ಲಿ 5 ಮಿಲಿಮೀಟರಿನ ರೈಫಲ್ ಸಿಕ್ಕರೆ? ಕಾಯಿದೆಯ 21ನೇ ಕಲಮಿನಲ್ಲಿ ದಾರಿ ಇದೆ. ಅನಗತ್ಯ ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ಆಮೇಲೆ ಬೇಕಿದ್ದರೆ ಪರವಾನಗಿಗೆ ಅರ್ಜಿ ಹಾಕಿ. ಮೊದಲು ಒಬ್ಬ ವಕೀಲರನ್ನು ಕಂಡು ಹೋಗುವುದು ನಮ್ಮ ಸಲಹೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದ ಮೇಲೆ ಹಿಂದೂಪುರದವರಿಗೆ ಕಲೆಕ್ಟರ್ ಕಚೇರಿ ಪುಟ್ಟಪರ್ತಿಯಲ್ಲಿ, ಕಲ್ಯಾಣದುರ್ಗದವರಿಗೆ ಮೊದಲಿನಂತೆ ಅನಂತಪುರದಲ್ಲಿ. ಹಳೆಯ ಪರವಾನಗಿಯಲ್ಲಿ ಹಳೆಯ ಜಿಲ್ಲೆಯ ವಿಳಾಸವಿದ್ದರೆ ವಿಚಾರಿಸಿ ಸರಿಪಡಿಸಿಕೊಳ್ಳಿ.

ನಮ್ಮವರಿಗೆ ಮಾತ್ರ ಇರುವ ತೊಡಕು ಇನ್ನೊಂದಿದೆ. ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋದರೆ ಒಂದೇ ಪ್ರಯಾಣದಲ್ಲಿ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗುತ್ತೇವೆ. ನಮಗದು ಮನೆಯಿಂದ ಮನೆಗೆ ಹೋದಂತೆ, ಚೆಕ್‌ಪೋಸ್ಟಿನವರಿಗೆ ಎರಡು ರಾಜ್ಯದ ಗಡಿ. ಪರವಾನಗಿಯ ಆಯುಧವಾದರೆ ಅದರಲ್ಲಿ ಬರೆದ ವ್ಯಾಪ್ತಿ ಎಲ್ಲಿಯವರೆಗೆ ಎಂದು ನೋಡಿಕೊಂಡೇ ಹೊರಡಿ. ಪರವಾನಗಿ ಬೇಡದ ಏರ್‌ಗನ್ ಆದರೂ ಚೀಲದಲ್ಲಿಟ್ಟು, ಖರೀದಿ ಬಿಲ್ ಜೊತೆಗಿಟ್ಟುಕೊಳ್ಳಿ. ಚುನಾವಣೆಯ ದಿನಗಳಲ್ಲಿ ತಪಾಸಣೆ ಬಿಗಿಯಾಗಿರುತ್ತದೆ, ಆಗ ಮನೆಯಲ್ಲೇ ಬಿಡುವುದು ಜಾಣತನ.

ನಿಗಾ ಮತ್ತು ರಿಪೇರಿ

ನಮ್ಮ ಸೀಮೆಯ ಬಿಸಿಲಿಗೆ ಚರ್ಮದ ವಾಷರ್ ಬೇಗ ಒಣಗುತ್ತದೆ, ರಬ್ಬರ್ ಗಟ್ಟಿಯಾಗುತ್ತದೆ. ಸ್ಟೌವಿನ ವಾಷರಿಗೆ ಮಾಡಿದಂತೆ ಎರಡು ಹನಿ ಎಣ್ಣೆ ಹಾಕಿದರೆ ಎಷ್ಟೋ ಸಲ ಜೀವ ಬರುತ್ತದೆ. ಆದರೆ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಕಾಲಕ್ರಮೇಣ ಅಂಟಾಗಿ ವಾಲ್ವಿನಲ್ಲಿ ಕೂರುತ್ತವೆ. ಶೆರಿಡನ್, ಬೆಂಜಮಿನ್‌ಗಳ ಕೊಳವೆ ಹಿತ್ತಾಳೆಯ ಜಾತಿಯದು. ಮೇಲಿನ ಕಪ್ಪು ಅಥವಾ ನಿಕ್ಕಲ್ ಲೇಪ ಅಲ್ಲಲ್ಲಿ ಹೋಗಿ ಹಳದಿ ಕಾಣಿಸಿದರೆ, ದೇವರ ಸಾಮಾನಿನಂತೆ ಹುಣಸೆಹಣ್ಣು ಹಾಕಿ ಉಜ್ಜಲು ಕೈ ತುರಿಸುತ್ತದೆ. ದಯವಿಟ್ಟು ಉಜ್ಜಬೇಡಿ. ಮೂಲ ಲೇಪ ಉಳಿದಷ್ಟೂ ಬೆಲೆ.

ಪರವಾನಗಿ ಬೇಕಾದ ರೈಫಲ್ಲನ್ನು ಲೇತ್ ಅಂಗಡಿಗೆ ಕೊಡುವಂತಿಲ್ಲ. ರಿಪೇರಿಗೂ ಪರವಾನಗಿ ಇರುವವರೇ ಬೇಕು.

ಪಂಪ್ ಹೆಚ್ಚಿಸಿದಷ್ಟೂ ಬಲ ಹೆಚ್ಚುತ್ತದೆ ಎಂದು ಎಂಟರ ಮೇಲೆ ಹನ್ನೆರಡು ಹೊಡೆಯುವವರಿದ್ದಾರೆ. ಒತ್ತಡ ಮಿತಿ ಮೀರಿದರೆ ಸುತ್ತಿಗೆಗೆ ವಾಲ್ವನ್ನು ಪೂರ್ತಿ ತೆರೆಯಲಾಗುವುದಿಲ್ಲ, ಪೆಲೆಟ್ ಇನ್ನೂ ನಿಧಾನವಾಗಿ ಹೋಗುತ್ತದೆ, ಒಳಗೆ ಗಾಳಿ ಉಳಿಯುತ್ತದೆ. ಖಾಲಿಯಾಯಿತೆಂದುಕೊಂಡ ಗನ್ನು ಎರಡನೇ ಸಲ ಹಾರುವುದು ಹೀಗೆ. ಹಿಡಿಯನ್ನು ಮುಚ್ಚುವಾಗ ಬೆರಳು ಸಿಕ್ಕಿಹಾಕಿಕೊಳ್ಳುವುದೂ ಸಾಮಾನ್ಯ.

ಎಲ್ಲಿ ಹೊಡೆಯಬೇಕು

ನಮ್ಮ ಕಡೆಯ ಕಾಂಪೌಂಡುಗಳು ಕಲ್ಲಿನವು. ಕಲ್ಲಿಗೆ ಬಡಿದ ಪೆಲೆಟ್ ಹೊಡೆದವರ ಮುಖಕ್ಕೇ ವಾಪಸು ಬರಬಹುದು. ಗುರಿಯ ಹಿಂದೆ ಮರಳಿನ ಮೂಟೆ ಅಥವಾ ಹಳೆಯ ಬಟ್ಟೆ ಗಟ್ಟಿಯಾಗಿ ತುರುಕಿದ ಪೆಟ್ಟಿಗೆ ಇರಲಿ, ಕಣ್ಣಿಗೆ ಕನ್ನಡಕವಿರಲಿ. ಗುರಿ ತಪ್ಪಿದ ಪೆಲೆಟ್ 300 ಮೀಟರ್‌ಗೂ ಆಚೆ ಹೋಗಬಲ್ಲದು, ಮಹಡಿಯ ಮೇಲಿಂದ ಹೊಡೆಯಬೇಡಿ. ಪೆಲೆಟ್ ಸೀಸದ್ದು, ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ.

ಮಕ್ಕಳಿಗೆ ಶೂಟಿಂಗ್ ಕಲಿಸುವ ಆಸೆಯಿದ್ದರೆ ಹಳೆಯ ಪಂಪ್ ರೈಫಲ್ ಅದಕ್ಕಲ್ಲ. 10 ಮೀಟರ್ ಸ್ಪರ್ಧೆ ನಡೆಯುವುದು 4.5 ಮಿಲಿಮೀಟರಿನಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಗೌರಿಬಿದನೂರು ದಾಟಿದರೆ ಸಿಗುವ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಶೂಟಿಂಗ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಪಡೆದವರು. ಅಂಥ ದಾರಿಗೆ ತರಬೇತಿ ಕೇಂದ್ರವೇ ಸರಿ.

ಹಕ್ಕಿ ಹೊಡೆಯುವ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ, ಗನ್ನಿಗೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಬೇಟೆಗೆ ಅನುಮತಿ ಇಲ್ಲ. ಹಿಂದೂಪುರದ ಹತ್ತಿರದ ವೀರಾಪುರಂನಲ್ಲಿ ಊರಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಅವುಗಳನ್ನು ಕಾಯುತ್ತಾರೆ. ಗಡಿಯ ಈಚೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಧಾಮವಿದೆ. ಈ ಎರಡರ ಆಸುಪಾಸಿನಲ್ಲಿ ಏರ್‌ಗನ್ ಹೊತ್ತು ತಿರುಗುವುದೇ ಅನುಮಾನಕ್ಕೆ ಎಡೆ. ಕಡಲೆಕಾಯಿ ಹೊಲಕ್ಕೆ ಬರುವ ಕಾಡುಹಂದಿಗೆ ಉಪಯೋಗವಾದೀತೇ ಎಂದು ಕೇಳುವ ರೈತರೂ ಇದ್ದಾರೆ. ಆಗದು. 20 ಜೌಲಿನ ಪೆಲೆಟ್ ಹಂದಿಯನ್ನು ಕೊಲ್ಲುವುದಿಲ್ಲ, ಗಾಯಮಾಡಿ ರೇಗಿಸುತ್ತದೆ. ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ದಾರಿ. ಆಂಧ್ರದ ಕಡೆ ಹೊಲ ಇರುವವರು ಅಲ್ಲಿನ ಕಚೇರಿಗೆ, ಪಾವಗಡದ ಕಡೆಯವರು ಕರ್ನಾಟಕದ ಕಚೇರಿಗೆ ಕೊಡಬೇಕು. ಹೊಲ ಯಾವ ರಾಜ್ಯದಲ್ಲಿದೆ ಎಂಬುದು ಮುಖ್ಯ, ಮನೆ ಎಲ್ಲಿದೆ ಎಂಬುದಲ್ಲ.