ಯಶೋಧರನ ಕಥೆ: ಪ್ರಕ್ಷೇಪವೂ ಪುನಃಸೃಷ್ಟಿಯೂ

ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಯಶೋಧರ ಮಹಾರಾಜನ ಕಥೆಯು ಜೈನಕವಿಗಳಿಗೆ ಅತ್ಯಂತ ಪ್ರಿಯವಾದ ವಸ್ತು. ಪ್ರಾಕೃತ, ಸಂಸ್ಕೃತ, ಅಪಭ್ರಂಶ, ಕನ್ನಡ, ತಮಿಳು ಮೊದಲಾದ ಭಾಷೆಗಳಲ್ಲಿ ಇದು ಮತ್ತೆ ಮತ್ತೆ ಕಾವ್ಯರೂಪವನ್ನು ತಾಳಿದೆ. ಕಥೆಯ ತಾತ್ಪರ್ಯವನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಒಬ್ಬನ ಕೃತಿಯೊಳಗೆ ಮತ್ತೊಬ್ಬನ ಕೈ ಸೇರಿದಾಗ ಅದನ್ನು ಗುರುತಿಸುವುದು ಹೇಗೆ, ಅದಕ್ಕೆ ಬೆಲೆಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಈ ಪರಂಪರೆಯಲ್ಲಿ ದೊರೆಯುವ ಉತ್ತರವನ್ನಷ್ಟೇ ಇಲ್ಲಿ ಪರಿಶೀಲಿಸಲಾಗುವುದು.

ಕಥೆಯ ತಿರುಳು ಇಷ್ಟು. ಉಜ್ಜಯಿನಿಯ ಅರಸನಾದ ಯಶೋಧರನು ತನ್ನ ರಾಣಿ ಅಮೃತಮತಿಯು ಕುರೂಪಿಯಾದ ಮಾವುತನಲ್ಲಿ ಅನುರಕ್ತಳಾಗಿರುವುದನ್ನು ಕಾಣುತ್ತಾನೆ. ನಿಜವನ್ನು ಹೇಳಲಾರದೆ ತಾಯಿಯ ಮುಂದೆ ದುಃಸ್ವಪ್ನದ ನೆವವೊಡ್ಡುತ್ತಾನೆ. ಆಕೆ ಶಾಂತಿಗಾಗಿ ಪ್ರಾಣಿಬಲಿಯನ್ನು ವಿಧಿಸಲು, ಹಿಂಸೆಗೆ ಅಂಜಿದ ಅರಸನು ಹಿಟ್ಟಿನ ಕೋಳಿಯನ್ನು ಬಲಿಗೊಡಲು ಒಪ್ಪುತ್ತಾನೆ. ಇಲ್ಲಿ ಕೊಲೆಯಾದ ಜೀವವಿಲ್ಲ, ಕೊಲ್ಲುವ ಸಂಕಲ್ಪವಿದೆ. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆಯಿಂದ ಕರ್ಮಬಂಧವಾಗುತ್ತದೆಂಬ ಸಿದ್ಧಾಂತಕ್ಕೆ ಇದಕ್ಕಿಂತ ತೀಕ್ಷ್ಣವಾದ ದೃಷ್ಟಾಂತ ಬೇರೊಂದಿಲ್ಲ. ರಾಣಿಯಿಂದ ವಿಷಪ್ರಾಶನಕ್ಕೆ ಗುರಿಯಾದ ತಾಯಿಮಕ್ಕಳು ಅನೇಕ ತಿರ್ಯಗ್ಜನ್ಮಗಳಲ್ಲಿ ತೊಳಲಿ, ಕಡೆಗೆ ಅಭಯರುಚಿ-ಅಭಯಮತಿಗಳೆಂಬ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಮಾರಿದತ್ತನೆಂಬ ಅರಸನು ಇವರನ್ನೇ ಚಂಡಮಾರಿಗೆ ಬಲಿಗೊಡಲು ಹಿಡಿತರಿಸಿದಾಗ ಅಭಯರುಚಿಯು ಈ ವೃತ್ತಾಂತವನ್ನು ಹೇಳುತ್ತಾನೆ.

ಕ್ರಿ. ಶ. 779ರಲ್ಲಿ ಮುಗಿದ ಉದ್ದ್ಯೋತನಸೂರಿಗಳ ಕುವಲಯಮಾಲೆಯಲ್ಲಿ ಯಶೋಧರಚರಿತದ ಕರ್ತೃವಾಗಿ ಪ್ರಭಂಜನನ ಉಲ್ಲೇಖವಿದೆ. ಅವನ ಕೃತಿ ಉಪಲಬ್ಧವಿಲ್ಲ. ಹರಿಭದ್ರಸೂರಿಗಳ ಪ್ರಾಕೃತ ಸಮರಾಇಚ್ಚಕಹಾದಲ್ಲಿ ಉಪಕಥೆಯಾಗಿ ಬರುವ ಯಶೋಧರ ವೃತ್ತಾಂತದಲ್ಲಿ ಮಾರಿದತ್ತನೇ ಇಲ್ಲ. ರಾಣಿಯ ಹೆಸರೂ ಬೇರೆ, ನಯನಾವಳಿ. ಆದುದರಿಂದ ಇಂದು ನಮಗೆ ಕಥೆಯ ಅವಿಭಾಜ್ಯ ಅಂಗವೆಂದು ತೋರುವ ಮಾರಿದತ್ತನ ಚೌಕಟ್ಟು ಎಲ್ಲ ಕವಿಗಳಿಗೂ ಸಮಾನವಾದುದಲ್ಲ.

ಸೋಮದೇವಸೂರಿಗಳು ಶಕ 881ರಲ್ಲಿ, ಎಂದರೆ ಕ್ರಿ. ಶ. 959ರಲ್ಲಿ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದಾಗ ಯಶಸ್ತಿಲಕಚಂಪುವನ್ನು ಪೂರೈಸಿದರು. ಕಥೆಗೆ ಐದು ಆಶ್ವಾಸಗಳನ್ನೂ ಶ್ರಾವಕಧರ್ಮಕ್ಕೆ ಉಳಿದ ಮೂರನ್ನೂ ಮೀಸಲಿರಿಸಿದ ಆ ಮಹಾಕೃತಿ ಒಂದು ವಿಶ್ವಕೋಶದಂತಿದೆ. ಮುಂದಿನ ಶತಮಾನದ ವಾದಿರಾಜಸೂರಿಗಳು ಅದೇ ಕಥೆಯನ್ನು ನಾಲ್ಕೇ ಸರ್ಗಗಳಿಗೆ ಇಳಿಸಿದರು. ಜನ್ನನು 1209ರಲ್ಲಿ ಕನ್ನಡಿಸಿದುದು ವಾದಿರಾಜರ ಈ ಸಂಗ್ರಹರೂಪವನ್ನು ಅನುಸರಿಸಿಯೇ. ಅವನಲ್ಲಿಯೂ ನಾಲ್ಕು ಅವತಾರಗಳು. ಅವನಲ್ಲಿಯೂ ರಾಣಿಯನ್ನು ಮೊದಲು ಸೆಳೆಯುವುದು ಮಾವುತನ ರೂಪವಲ್ಲ, ಇರುಳಿನಲ್ಲಿ ಕೇಳಿಬಂದ ಅವನ ಗಾನ. ಆದರೂ ಜನ್ನನನ್ನು ಅನುವಾದಕನೆನ್ನಲು ಯಾರಿಗೂ ನಾಲಿಗೆ ಏಳದು. ಚಂಪುವಿನ ಮಾರ್ಗವನ್ನು ಬಿಟ್ಟು, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ಕಥೆಯನ್ನು ನಡೆಸಿದ ಅವನ ಬಿಗುವು ಅವನದೇ.

ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಬೋಧಪ್ರದವಾದ ನಿದರ್ಶನ ಪುಷ್ಪದಂತನದು. ಸೋಮದೇವರ ಸಮಕಾಲೀನನಾದ ಈ ಅಪಭ್ರಂಶ ಮಹಾಕವಿ ಮಾನ್ಯಖೇಟದಲ್ಲಿ ನನ್ನನ ಆಶ್ರಯದಲ್ಲಿದ್ದು ನಾಲ್ಕು ಸಂಧಿಗಳ ಜಸಹರಚರಿಉವನ್ನು ರಚಿಸಿದನು. ಡಾ. ಪಿ. ಎಲ್. ವೈದ್ಯರು ಇದನ್ನು ಪರಿಷ್ಕರಿಸಿ 1931ರಲ್ಲಿ ಕಾರಂಜಾ ಜೈನಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಪ್ರತಿಗಳನ್ನು ಹೋಲಿಸಿದಾಗ ಮೂರು ಭಾಗಗಳು ಕೆಲವು ಪ್ರತಿಗಳಲ್ಲಿ ಮಾತ್ರ ಇರುವುದು ಕಂಡುಬಂದಿತು: ಕೌಲನಾದ ಭೈರವಾನಂದನು ಬರುವ ಪ್ರಸಂಗ, ಯಶೋಧರನ ವಿವಾಹ, ಕಡೆಯಲ್ಲಿ ಬರುವ ಭವಾಂತರಗಳ ವಿವರ. ಇವು ಪುಷ್ಪದಂತನವಲ್ಲ. ವಿಕ್ರಮ ಸಂವತ್ 1365ರಲ್ಲಿ, ಎಂದರೆ 1308ರ ಸುಮಾರಿನಲ್ಲಿ, ಯೋಗಿನೀಪುರವೆಂಬ ದಿಲ್ಲಿಯಲ್ಲಿ, ವೀಸಲಸಾಹು ಎಂಬ ಶ್ರಾವಕನ ಕೋರಿಕೆಯಂತೆ ಗಂಧರ್ವನೆಂಬ ಕವಿಯು ಅವನ್ನು ರಚಿಸಿ ಸೇರಿಸಿದನು. ಇದನ್ನು ತಿಳಿಯಲು ನಾವು ಊಹೆಯನ್ನು ಅವಲಂಬಿಸಬೇಕಾಗಿಲ್ಲ. ಮೂಲದಲ್ಲಿಲ್ಲದುದನ್ನು ತಾನು ಸೇರಿಸಿರುವೆನೆಂದು ಗಂಧರ್ವನೇ ಹೆಸರು, ಕಾಲ, ಸ್ಥಳಗಳೊಡನೆ ಹೇಳಿಕೊಂಡಿದ್ದಾನೆ.

ಪ್ರಕ್ಷೇಪಕಾರನೆಂದೊಡನೆ ಅವನನ್ನು ಕಳ್ಳನಂತೆ ಕಾಣುವುದು ನಮ್ಮ ರೂಢಿ. ಓಲೆಗರಿಗಳನ್ನು ಹೋಲಿಸುತ್ತ ವರ್ಷಗಳನ್ನು ಕಳೆದವರಿಗೆ ಆ ಸಿಡುಕು ಸಹಜವೂ ಹೌದು. ಒಂದು ಕಟ್ಟಿನಲ್ಲಿದ್ದು ಇನ್ನೊಂದರಲ್ಲಿಲ್ಲದ ಪದ್ಯ ಕವಿಯದೋ, ಓದಿಸಿದವನದೋ, ಲಿಪಿಕಾರನದೋ ತಿಳಿಯದೆ ಎಷ್ಟೋ ಸಂಜೆಗಳು ವ್ಯರ್ಥವಾಗಿವೆ. ಆದರೆ ಗಂಧರ್ವನು ಆ ವರ್ಗಕ್ಕೆ ಸೇರಿದವನಲ್ಲ. ಮೂರೂವರೆ ಶತಮಾನಗಳ ಹಿಂದಿನ ಮಹಾಕವಿಯ ಮಾತಿನ ನಡುವೆ ತನ್ನ ಮಾತನ್ನಿಟ್ಟೂ ಎಲ್ಲೆಯನ್ನು ತೋರಿಸಿದನು. ಆ ಅಂಕಿತವಿಲ್ಲದಿದ್ದರೆ, ಆ ಭಾಗಗಳ ಗುಣದೋಷಗಳೆರಡನ್ನೂ ನಾವು ಪುಷ್ಪದಂತನ ತಲೆಗೇ ಕಟ್ಟುತ್ತಿದ್ದೆವು; 10ನೆಯ ಶತಮಾನದ ಮಾನ್ಯಖೇಟದ ಕೌಲಾಚಾರಕ್ಕೆ 14ನೆಯ ಶತಮಾನದ ದಿಲ್ಲಿಯ ಪದ್ಯಗಳನ್ನು ಆಧಾರವಾಗಿ ಎತ್ತಿಕೊಡುತ್ತಿದ್ದೆವು.

ಈ ಹಿನ್ನೆಲೆಯಲ್ಲಿ ಆಧುನಿಕ ಕೃತಿಯೊಂದನ್ನು ನೋಡಬೇಕು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವು 1980ರಲ್ಲಿ ಪ್ರಕಟವಾಯಿತು. ಅದರಲ್ಲಿ ಭವಾವಳಿಯಿಲ್ಲ, ಒಂದು ಇರುಳಿನ ಅವಧಿಯಲ್ಲಿ ರಾಜ, ರಾಣಿ, ರಾಜಮಾತೆ, ಮಾವುತ ಈ ನಾಲ್ವರ ನಡುವಿನ ಸಂಘರ್ಷವಾಗಿ ಕಥೆ ಮಾರ್ಪಟ್ಟಿದೆ. ಭವಾವಳಿಯನ್ನು ತೆಗೆದರೆ ಕರ್ಮಫಲದ ನಿರೂಪಣೆಯೇ ಹೋಗುತ್ತದೆ. ಆಗಮವನ್ನು ಅಭ್ಯಸಿಸಿದ ನನ್ನಂಥವನಿಗೆ ಇದು ಕೊರತೆಯೆಂದೇ ತೋರುತ್ತದೆ. ಆದರೆ ಇದನ್ನು ಧರ್ಮಕಥೆಯ ವಿಕೃತಿಯೆಂದು ದೂರುವುದು ಸಾಧುವಲ್ಲ. ಕಾರ್ನಾಡರು ಜನ್ನನಿಗೆ ತಾವು ಋಣಿಗಳೆಂಬುದನ್ನು ಮರೆಸಿಲ್ಲ; ಜನ್ನನ ಹೆಸರಿನಲ್ಲಿ ಒಂದು ಕಂದವನ್ನೂ ಹೊಸೆದಿಲ್ಲ. ಹರಿಭದ್ರರಿಗೆ ಮಾರಿದತ್ತನು ಬೇಕಾಗಿರಲಿಲ್ಲ, ಇವರಿಗೆ ಭವಾವಳಿ ಬೇಕಾಗಲಿಲ್ಲ. ಹಿಟ್ಟಿನ ಕೋಳಿಯನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಮನಸ್ಸಿನಲ್ಲಿ ಎಸಗಿದ ಕೊಲೆ ಕೊಲೆಯೇ ಎಂಬ ಪ್ರಶ್ನೆ ಆ ನಾಟಕದಲ್ಲಿಯೂ ಕುಂದಿಲ್ಲ.

ಪರಿಷ್ಕರಣಕ್ಕೆ ಕೈಯಿಕ್ಕುವ ತರುಣ ವಿದ್ವಾಂಸರಲ್ಲಿ ಒಂದು ವಿಜ್ಞಾಪನೆ. ಯಾವುದೇ ಕಾವ್ಯದ ಕೆಲವೇ ಪ್ರತಿಗಳಲ್ಲಿ ಅಧಿಕ ಪದ್ಯಗಳು ಕಂಡಲ್ಲಿ, ಪ್ರಕ್ಷಿಪ್ತವೆಂಬ ಒಂದೇ ಮಾತಿನಿಂದ ಅವನ್ನು ಅಡಿಟಿಪ್ಪಣಿಗೆ ತಳ್ಳದೆ, ಆ ಪ್ರತಿಯ ಆದ್ಯಂತವನ್ನೂ ಪುಷ್ಪಿಕೆಯನ್ನೂ ಬರೆಸಿದವರ ಪ್ರಶಸ್ತಿಯನ್ನೂ ಪೂರ್ಣವಾಗಿ ನಕಲು ಮಾಡಿಕೊಳ್ಳಬೇಕು. ವೀಸಲಸಾಹುವಿನ ಹೆಸರು ನಮಗೆ ಉಳಿದಿರುವುದು ಅಂಥ ಸಾಲುಗಳಲ್ಲಿಯೇ.